ಒಡೆದ ತೆಂಗಿನಕಾಯಿ, ಒಡೆಯದ ಗೋಡೆ

ಹುಳಿಯಾರಿನಿಂದ ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟ ಜೊತೆಗೇ ಬರುತ್ತದೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳವರೆಗೂ ಇದೇ ನೋಟ. ಇಲ್ಲಿ ತೆಂಗು ಬರಿಯ ಬೆಳೆಯಲ್ಲ. ಮದುವೆಗೂ ಕಾಯಿ ಬೇಕು, ಮನೆಯ ಪಾಯಕ್ಕೂ ಬೇಕು, ಹೊಸ ಲಾರಿಯ ಚಕ್ರದ ಮುಂದೆಯೂ ಬೇಕು. ಕೊಳವೆಬಾವಿಗೆ ನೀರಿನ ಸೆಲೆ ಹುಡುಕುವವರೂ ಅಂಗೈಯ ಮೇಲೆ ಕಾಯಿ ಇಟ್ಟುಕೊಂಡೇ ಹೊಲದಲ್ಲಿ ನಡೆಯುತ್ತಾರೆ. ಒಡೆದ ಕಾಯಿಯೊಳಗೆ ಹೂವು ಬಂದಿದ್ದರೆ ಮನೆಮಂದಿಯ ಮುಖ ಅರಳುತ್ತದೆ. ಕೊಳೆತಿದ್ದರೆ ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲೊಂದು ಅಳುಕು ಉಳಿಯುತ್ತದೆ.

ಈ ಅಳುಕು ಧರ್ಮವೋ, ಕೇವಲ ರೂಢಿಯೋ? ಕ್ರೈಸ್ತನಾದವನು ಮದುವೆಯ ಚಪ್ಪರದಲ್ಲಿ ಕಾಯಿ ಒಡೆದರೆ ಅವನ ವಿಶ್ವಾಸಕ್ಕೆ ಭಂಗ ಬರುತ್ತದೆಯೋ, ಇಲ್ಲವೋ? ಇದು ಹರಟೆಯ ಪ್ರಶ್ನೆಯಲ್ಲ. ಮುನ್ನೂರು ವರ್ಷಗಳ ಹಿಂದೆ ಪೋಪರ ಪ್ರತಿನಿಧಿಯೊಬ್ಬರು ಈ ಪ್ರಶ್ನೆಗೆ ಲಿಖಿತ ತೀರ್ಪು ಕೊಟ್ಟರು. ಆ ತೀರ್ಪು ಮಧುರೆ ಮತ್ತು ಕರ್ನಾಟಿಕ್ ಪ್ರಾಂತಗಳ ಜೊತೆಗೆ ಮೈಸೂರು ಸೀಮೆಯ ಕ್ರೈಸ್ತರಿಗೂ ಅನ್ವಯಿಸಿತು. ಇತಿಹಾಸದಲ್ಲಿ ‘ಮಲಬಾರ್ ಆಚರಣೆಗಳ ವಿವಾದ’ ಎಂದು ಹೆಸರಾದ ಈ ಜಗಳ ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಆ ಕಾಲದ ಯುರೋಪಿಯನ್ನರು ತಮಿಳು ನಾಡನ್ನೂ ಮಲಬಾರ್ ಎಂದೇ ಕರೆಯುತ್ತಿದ್ದುದರಿಂದ ಆ ಹೆಸರು ಬಂತು. ಕೇರಳಕ್ಕೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ತಿರುಳು ಯಾವುದು, ಸಿಪ್ಪೆ ಯಾವುದು?

ರೋಮನ್ ಕಥೋಲಿಕ ಧರ್ಮಸಭೆ ಎಂದರೆ ಎಲ್ಲವನ್ನೂ ಪೋಪರೇ ನಿರ್ಧರಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ ಎಂಬ ಭಾವನೆ ಹೊರಗಿನವರಲ್ಲಿ ಸಾಮಾನ್ಯ. ವಾಸ್ತವ ಹಾಗಿಲ್ಲ. ಅಲ್ಲಿ ಚರ್ಚೆಗೆ ಬಾರದ ಕೆಲವು ಮೂಲ ಸಿದ್ಧಾಂತಗಳಿವೆ. ದೇವರು ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಲ್ಲಿ ಇದ್ದಾನೆ ಎಂಬುದು ಒಂದು. ಯೇಸು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂಬುದು ಇನ್ನೊಂದು. ಕ್ರಿ.ಶ. 325ರ ನೈಸಿಯಾ ಮಹಾಸಭೆ ಮತ್ತು 451ರ ಕಾಲ್ಸೆಡನ್ ಮಹಾಸಭೆಗಳು ಇಂಥ ಮಾತುಗಳಿಗೆ ಗಡಿ ಹಾಕಿಕೊಟ್ಟವು. ಇವನ್ನು ನಿರಾಕರಿಸಿದವನು ಸಭೆಯ ಹೊರಗೆ ನಿಂತಂತೆ.

ಇನ್ನೊಂದು ತುದಿಯಲ್ಲಿ ಶಿಸ್ತಿನ ವಿಷಯಗಳಿವೆ. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು, ಯಾವ ದಿನ ಉಪವಾಸ, ಪಾದ್ರಿ ಯಾವ ಬಟ್ಟೆ ತೊಡಬೇಕು ಇತ್ಯಾದಿ. ಪಾದ್ರಿಗಳು ಮದುವೆಯಾಗಬಾರದು ಎಂಬ ಪ್ರಸಿದ್ಧ ನಿಯಮವೂ ಈ ಗುಂಪಿಗೇ ಸೇರಿದ್ದು ಎಂದರೆ ಹಲವರಿಗೆ ಆಶ್ಚರ್ಯವಾದೀತು. ಉಕ್ರೇನಿನಂಥ ಕಡೆಯ ಪೂರ್ವ ಪರಂಪರೆಯ ಕಥೋಲಿಕ ಸಭೆಗಳಲ್ಲಿ ಸಂಸಾರಿಗಳೂ ಪಾದ್ರಿಗಳಾಗಿದ್ದಾರೆ, ಪೋಪರೂ ಅದನ್ನು ಮಾನ್ಯ ಮಾಡಿದ್ದಾರೆ. ಇಂಥ ನಿಯಮಗಳನ್ನು ಸಭೆಯೇ ಮಾಡಿತು, ಬೇಕೆನಿಸಿದರೆ ಸಭೆಯೇ ಬದಲಿಸಬಹುದು.

ತಕರಾರು ಹುಟ್ಟುವುದು ಇವೆರಡರ ನಡುವಿನ ಜಾಗದಲ್ಲಿ. ಒಂದು ಸಂಗತಿ ತಿರುಳಿಗೆ ಸೇರಿದ್ದೋ ಸಿಪ್ಪೆಗೆ ಸೇರಿದ್ದೋ ಎಂದು ಯಾರು ಹೇಳಬೇಕು? ಸಾವಿರಾರು ಮೈಲಿ ದೂರದ ರೋಮ್ ಹೇಳಬೇಕೋ, ಊರಿನಲ್ಲೇ ಇರುವ ಪಾದ್ರಿ ಹೇಳಬೇಕೋ, ಆ ಪದ್ಧತಿಯನ್ನು ಬಾಳುವ ಜನ ಹೇಳಬೇಕೋ?

ಕಾವಿ ಉಟ್ಟ ಪಾದ್ರಿಗಳು

ಈ ಪ್ರಶ್ನೆಯನ್ನು ದಕ್ಷಿಣ ಭಾರತದಲ್ಲಿ ಮೊದಲು ಕೆದಕಿದವರು ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ. 1606ರಲ್ಲಿ ಮಧುರೆಗೆ ಬಂದ ಅವರು ಅಲ್ಲಿನ ಪರಿಸ್ಥಿತಿ ಕಂಡು ಬೇರೆ ದಾರಿ ಹಿಡಿದರು. ಮಾಂಸ ತಿಂದು, ಮದ್ಯ ಕುಡಿದು, ಚರ್ಮದ ಪಾದರಕ್ಷೆ ತೊಡುವ ‘ಪರಂಗಿ’ಗಳನ್ನು ಮೇಲು ಜಾತಿಯವರು ಹತ್ತಿರವೂ ಸೇರಿಸುತ್ತಿರಲಿಲ್ಲ. ನೊಬಿಲಿ ಕಾವಿ ಉಟ್ಟರು. ಸಸ್ಯಾಹಾರಿಯಾದರು. ತಮಿಳು, ತೆಲುಗು, ಸಂಸ್ಕೃತ ಕಲಿತರು. ಕ್ರೈಸ್ತನಾದ ಬ್ರಾಹ್ಮಣ ತನ್ನ ಜನಿವಾರ, ಜುಟ್ಟು, ಗಂಧ ಇವನ್ನು ಉಳಿಸಿಕೊಳ್ಳಬಹುದು, ಅವು ಕುಲದ ಗುರುತುಗಳೇ ಹೊರತು ದೇವರ ಪೂಜೆಯಲ್ಲ ಎಂದು ವಾದಿಸಿದರು.

ಮಧುರೆಯಲ್ಲಿದ್ದ ಸಹೋದ್ಯೋಗಿ ಪಾದ್ರಿಯೇ ಅವರ ಮೇಲೆ ದೂರು ಕೊಟ್ಟರು. 1619ರಲ್ಲಿ ಗೋವಾದಲ್ಲಿ ವಿಚಾರಣೆಯ ಸಭೆ ಸೇರಿತು. ಅಲ್ಲಿನ ಆರ್ಚ್‌ಬಿಷಪ್ಪರು ನೊಬಿಲಿಯ ವಿರುದ್ಧ ನಿಂತರು. ಕಡತ ರೋಮಿಗೆ ಹೋಯಿತು. 1623ರ ಜನವರಿ 31ರಂದು ಪೋಪ್ ಹದಿನೈದನೆಯ ಗ್ರೆಗರಿ ತಾತ್ಕಾಲಿಕ ಒಪ್ಪಿಗೆ ಕೊಟ್ಟರು. ಮೂಢನಂಬಿಕೆಯ ಅಂಶವನ್ನು ತೆಗೆದುಹಾಕುವುದಾದರೆ ಜನಿವಾರ, ಜುಟ್ಟು, ಗಂಧ, ಸ್ನಾನಗಳಿಗೆ ಅಡ್ಡಿಯಿಲ್ಲ ಎಂಬುದು ಅದರ ಸಾರ. ಅದೇ ಪತ್ರದ ಕೊನೆಯಲ್ಲಿ ಪೋಪರು ಒಂದು ಮನವಿಯನ್ನೂ ಸೇರಿಸಿದ್ದರು. ಕುಲದ ಹೆಮ್ಮೆಯುಳ್ಳವರು ಕೀಳೆನಿಸಿಕೊಂಡವರನ್ನು ಚರ್ಚಿನೊಳಗಾದರೂ ತಿರಸ್ಕಾರದಿಂದ ಕಾಣಬಾರದು ಎಂದು ಕೇಳಿಕೊಂಡಿದ್ದರು. ಒಪ್ಪಿಗೆ ಆಜ್ಞೆಯಾಗಿ ಜಾರಿಗೆ ಬಂತು. ಮನವಿ ಮನವಿಯಾಗಿಯೇ ಉಳಿಯಿತು.

ಕನ್ನಡ ನಾಡಿಗೆ ಈ ಮಾರ್ಗವನ್ನು ತಂದವರು ಲಿಯೊನಾರ್ಡೊ ಚಿನ್ನಾಮಿ. ಅವರೂ ಇಟಲಿಯ ಜೆಸ್ವಿಟರೇ. 1649ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಶ್ರೀರಂಗಪಟ್ಟಣಕ್ಕೆ ಬಂದು ಸನ್ಯಾಸಿಯ ವೇಷದಲ್ಲಿ ಕೆಲಸ ಆರಂಭಿಸಿದರು. ಕನ್ನಡ ಕಲಿತು ವ್ಯಾಕರಣ, ನಿಘಂಟು ಮತ್ತು ಧರ್ಮಬೋಧೆಯ ಪುಸ್ತಕಗಳನ್ನು ಸಿದ್ಧಪಡಿಸಿದರು. ಕನ್ನಡದಲ್ಲಿ ಕ್ರೈಸ್ತ ಬರವಣಿಗೆ ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟೆಂಟ್ ಮಿಷನರಿಗಳಿಂದ ಶುರುವಾಯಿತೆಂದು ತಿಳಿದವರು ಚಿನ್ನಾಮಿಯವರನ್ನು ನೆನೆಯಬೇಕು.

ಪಾಂಡಿಚೇರಿಯ ತೀರ್ಪು

ಅರ್ಧ ಶತಮಾನ ಕಳೆಯಿತು. ನೊಬಿಲಿಯ ಮಾರ್ಗದ ಬಗ್ಗೆ ಬೇರೆ ಪಂಥದ ಪಾದ್ರಿಗಳ ದೂರುಗಳು ರೋಮಿಗೆ ಹೋಗುತ್ತಲೇ ಇದ್ದವು. 1703ರ ನವೆಂಬರಿನಲ್ಲಿ ಪೋಪರ ಪ್ರತಿನಿಧಿ ಚಾರ್ಲ್ಸ್ ದ ತೂರ್ನೊ ಪಾಂಡಿಚೇರಿಯಲ್ಲಿ ಹಡಗಿನಿಂದಿಳಿದರು. ಅವರು ಹೊರಟಿದ್ದುದು ಚೀನಾಕ್ಕೆ. ಅಲ್ಲಿಯೂ ಇಂಥದೇ ಜಗಳ ನಡೆಯುತ್ತಿತ್ತು. ದಾರಿಯಲ್ಲಿ ಭಾರತದ ವಿಷಯವನ್ನೂ ಮುಗಿಸುವ ಹೊಣೆ ಅವರ ಮೇಲಿತ್ತು. ಸುಮಾರು ಎಂಟು ತಿಂಗಳು ಪಾಂಡಿಚೇರಿಯಲ್ಲಿದ್ದರೂ ಕಾಯಿಲೆಯ ಕಾರಣ ಒಳನಾಡಿನ ಹಳ್ಳಿಗಳನ್ನು ನೋಡಲು ಅವರಿಗೆ ಆಗಲಿಲ್ಲ. ಕೆಲವು ಪಾದ್ರಿಗಳನ್ನು ಕರೆಸಿ ವಿಚಾರಿಸಿದರು. 1704ರ ಜೂನ್ 23ರ ತಾರೀಖು ಹಾಕಿ ಹದಿನಾರು ಅಂಶಗಳ ಆಜ್ಞೆ ಹೊರಡಿಸಿ ಚೀನಾದತ್ತ ಹೊರಟುಹೋದರು.

ಆ ಆಜ್ಞೆಯನ್ನು ಓದಿದರೆ ನಮ್ಮ ಹಳ್ಳಿಯ ಮದುವೆಯ ಮನೆಯೊಂದು ಕಣ್ಣ ಮುಂದೆ ಬರುತ್ತದೆ. ತಾಳಿಯಲ್ಲಿ ಪಿಳ್ಳಾರಿಯ, ಎಂದರೆ ಗಣಪತಿಯ ಗುರುತು ಇರಕೂಡದು. ಅದರ ಬದಲು ಶಿಲುಬೆಯೋ ಮರಿಯಮ್ಮನ ಚಿತ್ರವೋ ಇರಬಹುದು. ತಾಳಿಯ ದಾರ ನೂರೆಂಟು ಎಳೆಯ ಅರಿಶಿನದ ದಾರವಾಗಿರಕೂಡದು. ಹಣೆಗೆ, ಎದೆಗೆ ವಿಭೂತಿ ಬಳಿಯಕೂಡದು. ಕ್ರೈಸ್ತ ವಾದ್ಯಗಾರರು ಗುಡಿಗಳ ಉತ್ಸವದಲ್ಲಿ ಬಾರಿಸಕೂಡದು. ಓಲಗವೇ ಕಸುಬಾಗಿದ್ದ ಕುಟುಂಬಕ್ಕೆ ಇದು ಹೊಟ್ಟೆಯ ಪ್ರಶ್ನೆ.

ತೆಂಗಿನಕಾಯಿಗೂ ಒಂದು ಅಂಶ ಮೀಸಲು. ಕಾಯಿ ಒಡೆಯುವ ರೀತಿಯಿಂದ ಜನ ಶುಭ ಅಶುಭ ನೋಡುತ್ತಾರೆ. ಆದ್ದರಿಂದ ಕ್ರೈಸ್ತರ ಮದುವೆಯಲ್ಲಿ ಅದು ಬೇಡವೇ ಬೇಡ. ತಿನ್ನಲೇಬೇಕೆಂದಿದ್ದರೆ ಸಮಾರಂಭದ ಹೊರಗೆ, ಹತ್ತು ಜನರೆದುರಿಗಲ್ಲದೆ ಗುಟ್ಟಾಗಿ ಒಡೆದುಕೊಳ್ಳಲಿ ಎಂದು ತೀರ್ಪಾಯಿತು. ತೆಂಗಿನ ಸೀಮೆಯವರಿಗೆ ನಗು ಬರಬಹುದು. ಆದರೆ ತೂರ್ನೊ ಅವರ ತರ್ಕದಲ್ಲಿ ಒಂದು ನೇರವಿತ್ತು. ಭವಿಷ್ಯ ದೇವರ ಕೈಯಲ್ಲಿದೆ ಎಂದು ನಂಬಿದವನು ಕಾಯಿಯ ಹೋಳಿನಲ್ಲಿ ಅದನ್ನು ಹುಡುಕಬಾರದು ಎಂಬುದು ಅವರ ವಾದ. ಕಾಯಿ ಒಡೆಯುವವರೆಲ್ಲ ಶಕುನ ನೋಡುವುದಕ್ಕೇ ಒಡೆಯುವುದಿಲ್ಲ, ಹಲವರಿಗೆ ಅದು ಬರಿಯ ಮಂಗಳದ ಗುರುತು ಎಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ.

ಎಂಜಲಿನ ಪ್ರಶ್ನೆ

ಎಲ್ಲಕ್ಕಿಂತ ಕಗ್ಗಂಟಾದದ್ದು ಎಂಜಲು. ಅಂದಿನ ರೋಮನ್ ಪದ್ಧತಿಯಲ್ಲಿ ದೀಕ್ಷಾಸ್ನಾನ ಕೊಡುವಾಗ ಪಾದ್ರಿ ತನ್ನ ಬಾಯಿಯ ಉಗುಳನ್ನು ಬೆರಳಿಗೆ ತಾಗಿಸಿ ದೀಕ್ಷೆ ಪಡೆಯುವವನ ಕಿವಿ, ಮೂಗುಗಳನ್ನು ಮುಟ್ಟಬೇಕಿತ್ತು. ಕಿವುಡನೊಬ್ಬನನ್ನು ಯೇಸು ಗುಣಪಡಿಸಿದ ಬೈಬಲ್ ಪ್ರಸಂಗದ ನೆನಪು ಅದು. ಮುಖದ ಮೇಲೆ ಉಸಿರೂದುವುದೂ, ನಾಲಗೆಗೆ ಉಪ್ಪು ಇಡುವುದೂ ಇತ್ತು. ಒಬ್ಬರ ಲೋಟ ಇನ್ನೊಬ್ಬರ ತುಟಿಗೆ ತಾಗದ ಹಾಗೆ ಎತ್ತಿ ಕುಡಿಯುವ ನಾಡಿನಲ್ಲಿ ಮೈಗೆ ಉಗುಳು ಹಚ್ಚುವುದನ್ನು ಊಹಿಸಿಕೊಳ್ಳಿ. ಜೆಸ್ವಿಟರು ಆ ಭಾಗವನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದರು. ಬಿಡಕೂಡದು ಎಂದು ಆಜ್ಞೆ ಹೇಳಿತು.

ರೋಮಿನ ಮೊರೆ ಹೊಕ್ಕ ಜೆಸ್ವಿಟರ ವಾದ ಸರಳವಾಗಿತ್ತು. ದೀಕ್ಷೆಯ ತಿರುಳು ನೀರು ಮತ್ತು ಮಂತ್ರ. ಉಗುಳಿಲ್ಲದಿದ್ದರೆ ದೀಕ್ಷೆಗೆ ಊನವಿಲ್ಲ. ಹಾಗಿರುವಾಗ ಜನ ಅಸಹ್ಯಪಡುವುದನ್ನು ಏಕೆ ಹೇರಬೇಕು? ಈ ಒಂದು ಅಂಶದ ಮೇಲೆ ನಾಲ್ಕು ದಶಕ ಪತ್ರಗಳು ಹಡಗು ಹತ್ತಿ ಓಡಾಡಿದವು. ಕೊನೆಗೇನಾಯಿತು? 1969ರಲ್ಲಿ ರೋಮ್ ಹೊರತಂದ ಹೊಸ ದೀಕ್ಷಾವಿಧಿಯಲ್ಲಿ ಉಗುಳು ಇಲ್ಲವೇ ಇಲ್ಲ. ಜಗತ್ತಿನ ಎಲ್ಲ ಕಥೋಲಿಕರಿಗೂ ಅದನ್ನು ಕೈಬಿಡಲಾಯಿತು. ಒಂದು ಕಾಲಕ್ಕೆ ಬಿಡಲಾಗದ್ದು ಎನಿಸಿದ್ದು ಸಿಪ್ಪೆಯೆಂದು ತೀರ್ಮಾನವಾಗಲು ಇನ್ನೂರ ಅರವತ್ತೈದು ವರ್ಷ ಹಿಡಿಯಿತು.

ಗುಡಿಸಿಲಿನ ಬಾಗಿಲು

ಇಷ್ಟನ್ನೇ ಕೇಳಿದರೆ ತೂರ್ನೊ ಊರು ತಿಳಿಯದ ಪರದೇಶಿ, ಜೆಸ್ವಿಟರು ಜನರ ನಾಡಿ ಬಲ್ಲವರು ಎಂದು ಕಥೆ ಮುಗಿಸಿಬಿಡಬಹುದು. ಆದರೆ ಅದೇ ಹದಿನಾರರ ಪಟ್ಟಿಯಲ್ಲಿ ಕಥೆಯನ್ನು ತಲೆಕೆಳಗು ಮಾಡುವ ಮಾತುಗಳೂ ಇವೆ.

ಸನ್ಯಾಸಿ ವೇಷದ ಪಾದ್ರಿಗಳು ಮೇಲು ಜಾತಿಯವರ ಕಣ್ಣಿನಲ್ಲಿ ಶುದ್ಧರಾಗಿ ಉಳಿಯಬೇಕಿತ್ತು. ಆದ್ದರಿಂದ ಅಸ್ಪೃಶ್ಯರ ಗುಡಿಸಿಲಿನೊಳಕ್ಕೆ ಅವರು ಕಾಲಿಡುತ್ತಿರಲಿಲ್ಲ. ಹೊಲಗೇರಿಯ ಕ್ರೈಸ್ತನೊಬ್ಬ ಸಾಯುವ ಸ್ಥಿತಿಯಲ್ಲಿದ್ದರೆ ಅವನನ್ನೇ ಹೊತ್ತು ಹೊರಗೆ ತರಬೇಕಿತ್ತು. ಕೊನೆಯ ಸಂಸ್ಕಾರ ಬಯಲಿನಲ್ಲೋ ಚರ್ಚಿನ ಹತ್ತಿರವೋ ಆಗುತ್ತಿತ್ತು. ಇದನ್ನು ಕೇಳಿದ ತೂರ್ನೊ, ರೋಗಿ ಯಾವ ಜಾತಿಯವನೇ ಆಗಲಿ, ಪಾದ್ರಿ ಅವನ ಮನೆಯೊಳಗೇ ಹೋಗಿ ಸಂಸ್ಕಾರ ಕೊಡಬೇಕು ಎಂದು ವಿಧಿಸಿದರು. ಮುಟ್ಟಾದ ಹೆಂಗಸರನ್ನು ಪಾಪನಿವೇದನೆಯಿಂದ ದೂರವಿಡುವುದನ್ನೂ ನಿಷೇಧಿಸಿದರು.

ಜೆಸ್ವಿಟರು ಇದಕ್ಕೂ ಕೊಟ್ಟ ಉತ್ತರ ಕಾಯಿಗೆ, ಎಂಜಲಿಗೆ ಕೊಟ್ಟ ಉತ್ತರವೇ. ಇದು ಈ ನಾಡಿನ ಲೌಕಿಕ ರೂಢಿ, ಧರ್ಮದ ವಿಷಯವಲ್ಲ. ನಾವು ಆ ಗುಡಿಸಿಲಿಗೆ ಹೋದೆವೆಂದರೆ ಉಳಿದವರೆಲ್ಲ ನಮ್ಮನ್ನು ಬಿಟ್ಟು ಹೋಗುತ್ತಾರೆ, ಮಿಷನ್ನೇ ಮುಳುಗುತ್ತದೆ ಎಂದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೂ ಒಂದೇ ಅಳತೆಗೋಲಿನಿಂದ ತೆಂಗಿನಕಾಯಿಯನ್ನೂ ಅಸ್ಪೃಶ್ಯತೆಯನ್ನೂ ಅಳೆದದ್ದು ಅವರ ವಾದದ ದೊಡ್ಡ ಬಿರುಕು. ಕಾಯಿ ಒಡೆದರೆ ಯಾರಿಗೂ ನೋವಿಲ್ಲ. ಸಾಯುತ್ತಿರುವ ಮನುಷ್ಯನನ್ನು ಜಾತಿಯ ಕಾರಣಕ್ಕೆ ಬೀದಿಗೆ ಹೊತ್ತು ತರುವುದು ಬೇರೆಯದೇ ಮಾತು. ಕಾಯಿಯ ವಿಷಯದಲ್ಲಿ ಊರು ತಿಳಿಯದೆ ಎಡವಿದ ಆ ಪರದೇಶಿ ಗುಡಿಸಿಲಿನ ವಿಷಯದಲ್ಲಿ ಸರಿಯಾದದ್ದನ್ನೇ ಹೇಳಿದ್ದ.

ರೋಮಿನ ಕೊನೆಯ ಮಾತು ಬಂದದ್ದು 1744ರ ಸೆಪ್ಟೆಂಬರ್ 12ರಂದು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಹಳೆಯ ಆಜ್ಞೆಯನ್ನು ಎತ್ತಿಹಿಡಿದರು. ಅಸ್ಪೃಶ್ಯರ ಸೇವೆಗೆಂದೇ ಬೇರೆ ಪಾದ್ರಿಗಳನ್ನು ನೇಮಿಸುತ್ತೇವೆ ಎಂಬ ಜೆಸ್ವಿಟರ ಭರವಸೆಯನ್ನು ಮಾತ್ರ ಸಮಾಧಾನದಿಂದ ಒಪ್ಪಿಕೊಂಡರು. ಪಾದ್ರಿ ಗುಡಿಸಿಲಿಗೇನೋ ಹೋಗತೊಡಗಿದ. ಆದರೆ ಮೇಲಿನವರಿಗೊಬ್ಬ ಗುರು, ಕೆಳಗಿನವರಿಗೊಬ್ಬ ಗುರು ಎಂದಾಯಿತು. ಚಪ್ಪರದಿಂದ ಕಾಯಿ ಹೊರಕ್ಕೆ ಹೋಯಿತು, ಜಾತಿ ಒಳಗೇ ಕುಳಿತಿತು.

ಶ್ರೀರಂಗಪಟ್ಟಣದ ಫ್ರೆಂಚ್ ಸ್ವಾಮಿ

1773ರಲ್ಲಿ ಜೆಸ್ವಿಟ್ ಸಂಘವನ್ನೇ ಪೋಪರು ವಿಸರ್ಜಿಸಿದರು. ಮೈಸೂರು ಸೀಮೆಯ ಹೊಣೆ ಮುಂದೆ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಪಾದ್ರಿಗಳಿಗೆ ಬಂತು. ಟಿಪ್ಪು ಸುಲ್ತಾನ್ ಮಡಿದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದ ಅಬ್ಬೆ ದುಬ್ವಾ ಇವರಲ್ಲಿ ಹೆಸರಾದವರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ಪುಸ್ತಕ ಇಂದಿಗೂ ಓದುಗರನ್ನು ಪಡೆದಿದೆ. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿಯೊಬ್ಬರ ಹಸ್ತಪ್ರತಿಯಿಂದ ಬಂದದ್ದೆಂದು ವಿದ್ವಾಂಸರು ಈಗ ತೋರಿಸಿದ್ದಾರೆ. ಸಿಡುಬಿನ ವಿರುದ್ಧ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿದ್ದು ಅವರ ಸ್ವಂತ ಸಾಧನೆ.

ದುಬ್ವಾ ಸ್ಥಳೀಯರ ಉಡುಗೆ ತೊಟ್ಟು ಮೂರು ದಶಕ ಇಲ್ಲೇ ಬಾಳಿದರು. 1823ರಲ್ಲಿ ಊರಿಗೆ ಮರಳಿದ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಆಚರಣೆಗಳ ಜಗಳ ಇಲ್ಲಿನ ಕ್ರೈಸ್ತ ಧರ್ಮವನ್ನು ಕುಗ್ಗಿಸಿತು ಎಂದು ಬರೆದರು. ಇಷ್ಟಾದರೂ ಹೊಸದಾಗಿ ಬರುವ ಪ್ರತಿ ಪಾದ್ರಿಯೂ ಮಲಬಾರ್ ಆಚರಣೆಗಳ ವಿರುದ್ಧ ಪ್ರಮಾಣ ಮಾಡಬೇಕೆಂಬ ನಿಯಮ ಮುಂದುವರಿಯಿತು. ಅದನ್ನು ರೋಮ್ ರದ್ದುಮಾಡಿದ್ದು 1940ರಲ್ಲಿ. ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ್ಯ ರಚನೆಯಾದದ್ದೂ ಅದೇ ವರ್ಷ. ತುಮಕೂರು ಜಿಲ್ಲೆ ಇಂದು ಅದರ ವ್ಯಾಪ್ತಿಯಲ್ಲಿದೆ.

ಆರತಿ ಮರಳಿ ಬಂತು

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಗಾಳಿಯ ದಿಕ್ಕನ್ನೇ ಬದಲಿಸಿತು. ವಿಶ್ವಾಸಕ್ಕೆ ಧಕ್ಕೆ ಬಾರದ ವಿಷಯಗಳಲ್ಲಿ ಎಲ್ಲೆಡೆಯೂ ಒಂದೇ ಅಚ್ಚು ಇರಬೇಕಿಲ್ಲ ಎಂದು ಅದು 1963ರಲ್ಲಿ ಸಾರಿತು. ಲ್ಯಾಟಿನ್ ಪೂಜೆಯ ಜಾಗಕ್ಕೆ ಕನ್ನಡ ಬಂತು. ಸತ್ಯಗಳೆಲ್ಲವೂ ಒಂದೇ ಮಟ್ಟದವಲ್ಲ, ಮೂಲಕ್ಕೆ ಹತ್ತಿರದವು, ದೂರದವು ಎಂಬ ಶ್ರೇಣಿ ಇದೆ ಎಂಬ ಮಾತನ್ನೂ 1964ರಲ್ಲಿ ಅದು ಒಪ್ಪಿಕೊಂಡಿತು.

ಭಾರತದಲ್ಲಿ ಇದರ ಪ್ರಯೋಗಶಾಲೆಯಾದದ್ದು ಬೆಂಗಳೂರು. ಪಾದ್ರಿ ಡಿ.ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಇಲ್ಲಿ ರಾಷ್ಟ್ರೀಯ ಬೈಬಲ್, ಧರ್ಮಬೋಧೆ ಮತ್ತು ಆರಾಧನಾ ಕೇಂದ್ರ ಸ್ಥಾಪನೆಯಾಯಿತು. 1969ರ ಏಪ್ರಿಲ್‌ನಲ್ಲಿ ರೋಮ್ ಹನ್ನೆರಡು ಬದಲಾವಣೆಗಳಿಗೆ ಅನುಮತಿ ಕೊಟ್ಟಿತು. ನೆಲದ ಮೇಲೆ ಕುಳಿತು ಪೂಜೆ, ಪಾದರಕ್ಷೆ ಕಳಚುವುದು, ಮಂಡಿಯೂರುವುದರ ಬದಲು ಕೈಮುಗಿಯುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಹೂವಿನ ಆರತಿ ಇವೆಲ್ಲ ಅದರಲ್ಲಿದ್ದವು. ತೂರ್ನೊ ಕಂಡಿದ್ದರೆ ಬೆಚ್ಚಿಬೀಳುತ್ತಿದ್ದರೇನೋ.

ಆದರೆ ಈ ಬಾರಿ ಆಕ್ಷೇಪ ಬಂದದ್ದು ಒಳಗಿನಿಂದಲೇ. ಇದು ಹಿಂದೂಕರಣ ಎಂದು ಕೆಲವು ಕಥೋಲಿಕರು ಪ್ರತಿಭಟಿಸಿದರು. ಪೂಜೆಯ ನಡುವೆ ಅನ್ಯಧರ್ಮದ ಗ್ರಂಥಗಳ ಪಠಣವನ್ನು ನಿಲ್ಲಿಸುವಂತೆ 1975ರಲ್ಲಿ ರೋಮೇ ಸೂಚಿಸಿತು. ದಲಿತ ಚಿಂತಕರ ಪ್ರಶ್ನೆ ಇನ್ನೂ ಹರಿತವಾಗಿತ್ತು. ಭಾರತೀಯ ಸಂಸ್ಕೃತಿ ಎಂದು ನೀವು ಆರಿಸಿಕೊಂಡದ್ದು ಯಾರ ಸಂಸ್ಕೃತಿ? ನಮ್ಮನ್ನು ಒಳಗೆ ಬಿಡದ ಗುಡಿಯ ಆರತಿ, ಮಂತ್ರ, ಅಂಗವಸ್ತ್ರವೇ ಹೊರತು ನಮ್ಮ ತಮಟೆ ಅಲ್ಲವಲ್ಲ ಎಂದು ಅವರು ಕೇಳಿದರು. ನೊಬಿಲಿಗೂ ಇದೇ ಪ್ರಶ್ನೆಯನ್ನು ಕೇಳಬಹುದಿತ್ತು. ಆದರೆ ಆಗ ಗುಡಿಸಿಲಿನವರ ಮಾತನ್ನು ಬರೆದಿಟ್ಟುಕೊಳ್ಳುವವರಿರಲಿಲ್ಲ.

ಜಾತಿಯನ್ನು ಲೌಕಿಕ ರೂಢಿಯ ಕಪಾಟಿನಿಂದ ಹೊರಗೆ ತೆಗೆಯಲು ಸಭೆಗೆ ಬಹಳ ಕಾಲ ಬೇಕಾಯಿತು. 2003ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ತಮಿಳುನಾಡಿನ ಬಿಷಪ್ಪರಿಗೆ ಜಾತಿ ಭೇದ ಸಲ್ಲದೆಂದು ಕಟುವಾಗಿ ಹೇಳಿದರು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಸಭೆಯೊಳಗೇ ಅಸ್ಪೃಶ್ಯತೆ ಉಳಿದಿದೆ ಎಂಬುದನ್ನು ಒಪ್ಪಿಕೊಂಡಿತು. 1704ರ ಗುಡಿಸಿಲಿನ ಪ್ರಶ್ನೆಗೆ ಮುನ್ನೂರ ಹನ್ನೆರಡು ವರ್ಷಗಳ ಬಳಿಕ ಬಂದ ಉತ್ತರ ಇದು.

ಕಾಯಿಯ ಕಥೆ ಇದಕ್ಕಿಂತ ಸುಲಭವಾಗಿ ಮುಗಿಯಿತು. ಗೋವಾದ ಧಾರ್ಮಿಕ ನ್ಯಾಯಾಲಯ ಕೊಂಕಣಿ ಕ್ರೈಸ್ತರ ಮದುವೆಯ ಪದ್ಧತಿಗಳ ಮೇಲೆ 1736ರಲ್ಲಿ ಉದ್ದದ ನಿಷೇಧ ಹೇರಿತ್ತು. ಆದರೂ ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಇಂದಿಗೂ ಮದುವೆಯ ಮುನ್ನ ‘ರೋಸ್’ ನಡೆಯುತ್ತದೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹಾರೈಸುತ್ತಾರೆ. ಹಳೆಯ ಮೈಸೂರು ಸೀಮೆಯ ಕನ್ನಡ ಕ್ರೈಸ್ತರಲ್ಲಿ ಶಿಲುಬೆಯಿರುವ ತಾಳಿ ಕಟ್ಟುವ ಪದ್ಧತಿ ಉಳಿದಿದೆ. ಅದರಿಂದ ಯಾವ ಸಿದ್ಧಾಂತವೂ ಕುಸಿಯಲಿಲ್ಲ.

ಇದು ಒಂದು ಧರ್ಮದವರ ಮನೆಯ ಕಥೆ ಮಾತ್ರವಲ್ಲ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಿಲಿನಲ್ಲಿ ಇಡುವುದನ್ನು ಪ್ರಶ್ನಿಸಿದಾಗಲೂ ಬರುವ ಮೊದಲ ಉತ್ತರ, ಇದು ನಮ್ಮ ಸಂಪ್ರದಾಯ ಎಂಬುದೇ. ಸಂಪ್ರದಾಯ ಎಂಬ ಒಂದೇ ಚೀಲದಲ್ಲಿ ತೆಂಗಿನಕಾಯಿಯೂ ಇರುತ್ತದೆ, ಮುಚ್ಚಿದ ಬಾಗಿಲೂ ಇರುತ್ತದೆ. ಚೀಲವನ್ನು ಇಡಿಯಾಗಿ ಹೊರಗೆಸೆದರೆ ಜನ ತಮ್ಮದನ್ನು ಕಳೆದುಕೊಳ್ಳುತ್ತಾರೆ. ಇಡಿಯಾಗಿ ಉಳಿಸಿಕೊಂಡರೆ ಬಾಗಿಲ ಹೊರಗೆ ನಿಂತವರು ಅಲ್ಲಿಯೇ ಉಳಿಯುತ್ತಾರೆ. ಒಂದೊಂದನ್ನೇ ಹೊರತೆಗೆದು, ಇದರಿಂದ ಯಾರಿಗಾದರೂ ನೋವಿದೆಯೇ ಎಂದು ಆ ನೋವುಂಡವರನ್ನೇ ಕೇಳುವುದೊಂದೇ ದಾರಿ. 1704ರಲ್ಲಿ ಪಾಂಡಿಚೇರಿಗೆ ಕರೆಸಿದ ಸಾಕ್ಷಿಗಳು ಪಾದ್ರಿಗಳು. ಗುಡಿಸಿಲಿನವರನ್ನು ಯಾರೂ ಕರೆಸಿರಲಿಲ್ಲ.